ಯಮನೂರಪ್ಪ ಮುಚ್ಚಿದ ಸಂದುಗಳು

ಹಿಮಾಲಯದಲ್ಲಿ ಹನ್ನೆರಡು ಚಳಿಗಾಲವನ್ನು ಒಂದೇ ಒಂದು ಪಂಚೆಯಲ್ಲಿ ಕಳೆದವನು ನಾನು. ನನ್ನನ್ನು ಕಂಡರೆ ಕರಡಿಗಳೇ ನಾಚಿಕೊಂಡು ಗುಹೆ ಸೇರುತ್ತಿದ್ದವು.

ಸುಳ್ಳು. ಈ ಚಹಾದಂಗಡಿಯ ಬೆಂಚೇ ನನ್ನ ಹಿಮಾಲಯ. ಮಾರ್ಗಶಿರದಲ್ಲಿ ಹಾಲು ತರಲು ಬೀದಿ ತುದಿಗೆ ಹೋಗುವಾಗಲೂ ಕಿವಿಗೆ ಮಫ್ಲರ್ ಸುತ್ತಿಕೊಳ್ಳುವವರ ಪೈಕಿ ನಾನು. ಆದರೆ ಯಮನೂರಪ್ಪನ ಕಥೆಗೆ ನನ್ನ ಚಳಿ ಬೇಕಾಗಿಲ್ಲ. ಅವನ ಚಳಿಯೇ ಇಬ್ಬರಿಗಾಗುವಷ್ಟಿತ್ತು.

ಯಮನೂರಪ್ಪ ಬಾದಾಮಿ ಕಡೆಯವನು. ಸನ್ಯಾಸಕ್ಕೆ ಬರುವ ಮೊದಲು ಮಾಳಿಗೆ ಮನೆಗಳ ಚಪ್ಪಟೆ ಛಾವಣಿಗೆ ಮಣ್ಣು ಹಾಕುತ್ತಿದ್ದ. ಮಳೆಗಾಲಕ್ಕೆ ಮುಂಚೆ ಹಳ್ಳದಿಂದ ಸವಳು ಮಣ್ಣು ಹೊತ್ತು ತಂದು, ಮಾಳಿಗೆಯ ಮೇಲೆ ಹರಡಿ, ತುಳಿದು, ಬಡಿದು, ಇರುವೆ ನುಸುಳುವಷ್ಟೂ ಸಂದು ಬಿಡದೆ ಮುಚ್ಚುವುದು ಅವನ ಕಸುಬು.

ಅವನ ಲೆಕ್ಕದಲ್ಲಿ ಮನೆ ಸೋರಿತೆಂದರೆ ಮೇಲೆ ತೂತಿದೆ. ತೂತು ಹುಡುಕು, ಮುಚ್ಚು, ಕೆಳಗಿಳಿದು ಊಟ ಮಾಡು. ಅದಕ್ಕಿಂತ ಹೆಚ್ಚಿನ ವೇದಾಂತ ಮಾಳಿಗೆಗೆ ಬೇಕಿರಲಿಲ್ಲ.

ಈಗ ಅವನಿದ್ದದ್ದು ಹಿಮಾಲಯದ ಬೆಟ್ಟಗಳ ನಡುವಿನ ಹಿಮದ ಕಣಿವೆಯಲ್ಲಿ. ಅಲ್ಲೊಂದು ಮರದ ಮನೆಯ ಆಶ್ರಮ. ಗುರು ನಿರುಪಾಧಿ ಅಜ್ಜಾರು, ಆರು ಮಂದಿ ಶಿಷ್ಯರು. ಅಜ್ಜಾರೂ ಅದೇ ಬಾದಾಮಿ ಸೀಮೆಯಿಂದ ಮೂವತ್ತು ವರ್ಷಗಳ ಹಿಂದೆ ಬಂದು ಇಲ್ಲಿ ನಿಂತವರು.

ಕಾರ್ತಿಕದಲ್ಲಿ ಹಿಮ ಬಿದ್ದು ಕಣಿವೆಯಿಂದ ಹೊರಗೆ ಹೋಗುವ ದಾರಿ ಮುಚ್ಚಿದರೆ ಯುಗಾದಿ ದಾಟಿದ ಮೇಲೆಯೇ ತೆರೆಯುವುದು. ಅಲ್ಲಿಯವರೆಗೆ ಏಳು ಹೊಟ್ಟೆಗೆ ಆಧಾರ ಅಟ್ಟದ ಮೇಲಿನ ಹನ್ನೊಂದು ಚೀಲ ಜವೆಗೋಧಿ. ಅಟ್ಟದ ಮೇಲೆ ಹಲಗೆ ಬಡಿದು ಕಲ್ಲುಹಾಸು ಹೊದಿಸಿದ ಇಳಿಜಾರು ಛಾವಣಿ. ಅಟ್ಟಕ್ಕೆ ಹತ್ತಲು ಅಡುಗೆಮನೆಯಿಂದ ಒಂದು ಏಣಿ, ಏಣಿಯ ತುದಿಗೆ ಹಲಗೆಯ ಮುಚ್ಚಳ.

ಛಾವಣಿಯನ್ನು ವರ್ಷವೂ ನೋಡಿಕೊಳ್ಳುತ್ತಿದ್ದವನು ಕೆಳಗಿನ ಹಳ್ಳಿಯ ಬಡಗಿ. ಆ ವರ್ಷ ಅವನ ಮೊಣಕಾಲು ಕೈಕೊಟ್ಟಿತು.

ಅಜ್ಜಾರು ಯಮನೂರಪ್ಪನನ್ನು ಕರೆದರು. "ಮಾಳಿಗಿ ನಿನ್ನ ಕಸುಬು. ಈ ವರ್ಷ ನೀನ ನೋಡ್ಕೋ."

ಅದು ಅವನ ಮೂರನೆಯ ಚಳಿಗಾಲ. ಮೊದಲನೆಯದನ್ನು ಭಕ್ತಿಯಿಂದ ತಡೆದುಕೊಂಡಿದ್ದ, ಎರಡನೆಯದನ್ನು ಹಟದಿಂದ. ಮೂರನೆಯದಕ್ಕೆ ಎರಡೂ ಉಳಿದಿರಲಿಲ್ಲ. ಅಲ್ಲಿ ಚಳಿ ಎಂಬುದು ಕಣ್ಣು ಬಿಟ್ಟ ಕೂಡಲೇ ಶುರುವಾಗುವ ಕೂಲಿ ಕೆಲಸದ ಹಾಗೆ. ಮಲಗಿದರೂ ಮುಗಿಯುವುದಿಲ್ಲ. ಅವನಿಗೆ ಜಪದಲ್ಲಿ ಮಂತ್ರ ಮರೆಯುತ್ತಿತ್ತು, ಬೆರಳು ನೋಯುವುದು ಮರೆಯುತ್ತಿರಲಿಲ್ಲ. ಅಜ್ಜಾರಿಗೂ ಆ ವರ್ಷ ಕೆಮ್ಮು ಬಿಟ್ಟಿರಲಿಲ್ಲ.

ಅವನು ಅಟ್ಟ ಹತ್ತಿ ನೋಡಿದ. ನೋಡಿ ಹಾಗೇ ಕುಳಿತುಬಿಟ್ಟ.

ಸೂರಿನ ಅಂಚಿನುದ್ದಕ್ಕೂ, ಗೋಡೆ ಮತ್ತು ಛಾವಣಿಯ ನಡುವೆ, ಒಂದು ಅಂಗೈ ಅಗಲದ ಸಂದು. ಛಾವಣಿಯ ನೆತ್ತಿಯಲ್ಲಿ ಇನ್ನೊಂದು. ಗಾಳಿ ಕೆಳಗಿನ ಸಂದಿನಿಂದ ನುಗ್ಗಿ, ಚೀಲಗಳ ಮೇಲೆ ಹಾದು, ನೆತ್ತಿಯಿಂದ ಸಿಳ್ಳೆ ಹಾಕುತ್ತ ಹೋಗುತ್ತಿತ್ತು.

"ಮೂವತ್ತು ವರ್ಷದಿಂದ ಇವರು ಆಕಾಶಕ್ಕ ಒಲಿ ಹಚ್ಚ್ಯಾರ," ಎಂದುಕೊಂಡ.

ಮೂರು ದಿನ ದುಡಿದ. ಈ ಕಥೆಯನ್ನು ಎಂಟು ದಿನ ಎಂದು ಹೇಳುವವರಿದ್ದಾರೆ, ಅವರಿಗೆ ಉತ್ಪ್ರೇಕ್ಷೆ ಜಾಸ್ತಿ. ಹುಲ್ಲು, ಮಣ್ಣು, ಹಳೆಯ ಕಂಬಳಿಯ ಚೂರು, ಎಲ್ಲ ಕಲಸಿ ಒಂದೊಂದೇ ಸಂದು ಮುಚ್ಚಿದ. ನೆತ್ತಿಯ ಸಂದಿಗೆ ಹಲಗೆ ಬಡಿದು ಮೇಲೆ ಮಣ್ಣು ಮೆತ್ತಿದ. ಕೊನೆಗೆ ಕೆಳಗಿನ ಒಲೆಯ ಕಾವು ಧಾನ್ಯಕ್ಕೂ ಸಿಗಲಿ ಎಂದು ಅಟ್ಟದ ಮುಚ್ಚಳ ತೆಗೆದು ಬದಿಗಿಟ್ಟ.

ಸೊಂಟ ಹಿಡಿದುಕೊಂಡು ಅಜ್ಜಾರ ಮುಂದೆ ಬಂದು ನಿಂತ. "ಮುಗೀತ್ರಿ ಅಜ್ಜಾರ. ಇನ್ನ ಒಂದ ಎಳಿ ಗಾಳಿ ಬರೂದಿಲ್ಲ."

"ಬರೂ ಗಾಳಿ ನಿಂತೈತಿ," ಅಂದರು ಅಜ್ಜಾರು. "ಹೋಗೂ ಗಾಳಿ?"

"ಅದೆಲ್ಲಿಗೆ ಹೋಗ್ತೈತ್ರಿ? ಒಳಗ ಇರ್ತೈತಿ."

"ಇರ್ತೈತಿ," ಅಂದರು ಅಜ್ಜಾರು. ಕೆಮ್ಮು ಬಂತು, ಮಾತು ಅಲ್ಲಿಗೇ ನಿಂತಿತು.

ಒಂದು ವಾರ ಮನೆ ಬೆಚ್ಚಗಿತ್ತು. ಶಿಷ್ಯರು ಸ್ವೆಟರ್ ಬಿಚ್ಚಿ ಕುಳಿತರು. ಒದ್ದೆ ಬಟ್ಟೆಗಳನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರು. ದೊಡ್ಡ ಹಂಡೆಯಲ್ಲಿ ನೀರು ಸದಾ ಕುದಿಯುತ್ತಿತ್ತು. ಮೂವರು ಶಿಷ್ಯರು ಅವನನ್ನು 'ಯಮನೂರಪ್ಪನವರೇ' ಎಂದು ಕರೆಯತೊಡಗಿದರು. ಅಜ್ಜಾರ ಕೆಮ್ಮೂ ಸ್ವಲ್ಪ ತಗ್ಗಿತು.

ಬೆಳಗ್ಗೆ ಹಾಲು ತರುತ್ತಿದ್ದವಳು ಕೆಳಗಿನ ಹಳ್ಳಿಯ ಸುರ್ಮಾ. ಐವತ್ತು ದಾಟಿದ ಹೆಂಗಸು. ಬಾದಾಮಿಯನ್ನು ಕನಸಿನಲ್ಲೂ ಕಂಡವಳಲ್ಲ, ಆದರೆ ಮೂವತ್ತು ವರ್ಷ ಅಜ್ಜಾರ ಮಾತು ಕೇಳಿ ಬಾದಾಮಿಯ ಕನ್ನಡವನ್ನೇ ಆಡುತ್ತಿದ್ದಳು. ಒಂದು ಬೆಳಗ್ಗೆ ಅವಳು ಅಂಗಳದಲ್ಲಿ ನಿಂತು ಮೇಲೆ ನೋಡಿದಳು.

"ನಿಮ್ಮ ಮಾಳಿಗಿ ಬೋಳ ಆಗೈತಲ್ಲೋ."

ನಿಜ. ಊರಿನ ಎಲ್ಲ ಮನೆಗಳ ಮೇಲೂ ಹಿಮ ಮೊಳದುದ್ದ ಕುಳಿತಿತ್ತು. ಆಶ್ರಮದ ಛಾವಣಿಯ ನಡುಭಾಗ ಮಾತ್ರ ಕಪ್ಪಗೆ ಒದ್ದೆಯಾಗಿ ಹೊಳೆಯುತ್ತಿತ್ತು.

"ನಮ್ಮ ಮನಿ ಬೆಚ್ಚಗ ಐತಿ. ಹಿಮ ನಿಲ್ಲೂದಿಲ್ಲ," ಅಂದ ಯಮನೂರಪ್ಪ. ಅವನ ದನಿಯಲ್ಲಿ ಹೆಮ್ಮೆ ಇತ್ತು.

"ಹಿಮ ಅಂದ್ರ ಮನಿ ಹೊದ್ದ ಕಂಬಳಿ. ನೀ ಅದನ್ನ ಸುಟ್ಟಿ. ಬುದ್ಧಿವಂತ ಇದ್ದಿ ಬಿಡು."

"ನೀ ಹಾಲು ಹಾಕಿ ಹೋಗ."

ಅವಳು ಹಾಲು ಹಾಕಿದಳು. ಹೋಗುವಾಗ ಸೂರಿನ ಅಂಚು ತೋರಿಸಿದಳು. ಅಲ್ಲಿ ಹಿಮಗಡ್ಡೆಯ ಕೋರೆಹಲ್ಲುಗಳು ತೋಳುದ್ದ ಇಳಿಬಿದ್ದಿದ್ದವು, ಅವುಗಳ ಬೇರಿಗೆ ಗಾಜಿನಂಥ ದಪ್ಪ ದಿಬ್ಬ.

"ಮ್ಯಾಲಿನ ಹಿಮ ನಿಮ್ಮ ಒಲಿ ಕಾವಿಗೆ ಕರಗಿ ಕೆಳಗ ಬರತೈತಿ. ಸೂರಿನ್ಯಾಗ ಕಾವಿಲ್ಲ, ಮತ್ತ ಗಡ್ಡಿ ಆಗತೈತಿ. ಹಿಂದ ಬರೂ ನೀರು ಎಲ್ಲಿ ಹೋಗಬೇಕೋ?"

ಯಮನೂರಪ್ಪನಿಗೆ ಹಾಲಿನವಳಿಂದ ಛಾವಣಿಯ ಪಾಠ ಹೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಒಳಗೆ ಹೋದ.

ಮರುದಿನ ಬಿಸಿಲು. ಆಕಾಶದಲ್ಲಿ ಒಂದು ಮೋಡವಿಲ್ಲ. ಅವನು ಊಟಕ್ಕೆ ಧಾನ್ಯ ತರಲು ಅಟ್ಟ ಹತ್ತಿದಾಗ ಹಣೆಯ ಮೇಲೆ ಒಂದು ಹನಿ ಬಿತ್ತು.

ಇನ್ನೊಂದು ಕೈ ಮೇಲೆ.

ತಲೆ ಎತ್ತಿ ನೋಡಿದ. ಛಾವಣಿಯ ಹಲಗೆಗಳ ಒಳಮೈ ಬೆವರಿತ್ತು. ಹಲಗೆಯಿಂದ ಹೊರಬಂದ ಒಂದೊಂದು ಮೊಳೆಯ ತುದಿಗೂ ಬಿಳಿಯ ಮಂಜು ಕಟ್ಟಿ, ಬಿಸಿಲಿಗೆ ಕರಗಿ, ತೊಟ್ಟಿಕ್ಕುತ್ತಿತ್ತು. ಅಟ್ಟದ ತುಂಬ ಮಳೆ ನಿಂತ ಮೇಲೆ ಮರದಡಿ ಕೇಳುವ ಸದ್ದು.

"ಎಲ್ಲೋ ತೂತೈತಿ," ಅಂದ.

ಹೊರಗೆ ಹೋಗಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಜಾರುವ ಛಾವಣಿ ಹತ್ತಿದ. ಎರಡು ಕಡೆ ಬಿರುಕು ಕಂಡವು. ದೇವದಾರಿನ ಅಂಟಿಗೆ ಬೂದಿ ಕಲಸಿ ಮೆತ್ತಿದ. ಕೆಳಗಿಳಿದು ಅಟ್ಟಕ್ಕೆ ಹೋದ. ಮೊದಲಿಗಿಂತ ಹೆಚ್ಚು ಸೋರುತ್ತಿತ್ತು.

ಮತ್ತೆ ಹತ್ತಿದ. ಮತ್ತೆ ಮೆತ್ತಿದ. ಸೂರಿನ ಅಂಚಿನಲ್ಲಿ, ಆ ಗಾಜಿನ ದಿಬ್ಬದ ಹಿಂದೆ, ನೀರು ಮಡುಗಟ್ಟಿ ಕಲ್ಲುಹಾಸಿನ ಅಡಿಗೆ ನುಸುಳುವುದು ಕಂಡಿತು. ಗಡ್ಡೆಯನ್ನು ಸುತ್ತಿಗೆಯಿಂದ ಒಡೆದ. ಗಡ್ಡೆಯ ಜೊತೆ ನಾಲ್ಕು ಕಲ್ಲುಹಾಸೂ ಒಡೆದವು. ಅಲ್ಲಿಗೂ ಅಂಟು ಮೆತ್ತಿದ.

ಹೀಗೆ ಒಂಬತ್ತು ದಿನ. ಕೈಯ ಚರ್ಮ ಸುಲಿಯಿತು. ಜಪಕ್ಕೆ ಕುಳಿತರೆ ಕಣ್ಣು ಮುಚ್ಚಿದ ಕೂಡಲೇ ನಿದ್ದೆ, ನಿದ್ದೆಯಲ್ಲೂ ತೊಟ್ಟಿಕ್ಕುವ ಸದ್ದು. ಯಾರಾದರೂ ಅಟ್ಟಕ್ಕೆ ಹೋಗಲು ಏಣಿಗೆ ಕೈ ಹಾಕಿದರೆ, "ನಾ ತರ್ತೀನಿ, ನೀ ಕುಂದ್ರು," ಎಂದು ತಾನೇ ಓಡುತ್ತಿದ್ದ.

ಹತ್ತನೆಯ ದಿನ ಒಂದು ಚೀಲದೊಳಗೆ ಕೈ ಹಾಕಿದ. ಒಳಗೆ ಬಿಸಿ. ಕಾಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೈ ತೆಗೆದರೆ ಬೆರಳಿಗೆ ಹಸಿರು ಬೂಸು, ಮೂಗಿಗೆ ಮುಗ್ಗಲು ವಾಸನೆ.

ಪಕ್ಕದ ಚೀಲಕ್ಕೆ ಕೈ ಹಾಕಿದ. ಅದೂ ಹಾಗೇ. ಮೂರನೆಯದಕ್ಕೆ ಕೈ ಹಾಕಲು ಧೈರ್ಯ ಬರಲಿಲ್ಲ.

ಯುಗಾದಿಗೆ ಇನ್ನೂ ಮೂರು ತಿಂಗಳಿತ್ತು.

ಅವನು ಕೆಳಗಿಳಿದು ಬಂದ. ಅಂಗಳದಲ್ಲಿ ಬಿಸಿಲಿಗೆ ಕುಳಿತಿದ್ದ ಅಜ್ಜಾರ ಎದುರು ನೆಲದ ಮೇಲೆ ಕುಳಿತ.

"ಅಜ್ಜಾರ, ಮಾಳಿಗಿ ಸೋರಾಕತ್ತೈತಿ."

"ಹೂಂ."

"ಕಾಳು ಕೆಡಾಕತ್ತಾವ. ಎರಡ ಚೀಲ ಕೆಟ್ಟಾವು. ಉಳಿದವು ನೋಡಿಲ್ಲ. ಹತ್ತ ದಿನದಿಂದ ನಿಮಗ ಹೇಳಲಿಲ್ಲ."

"ಹೂಂ."

"ತೂತು ಸಿಗವಲ್ದು. ನಲವತ್ತ ಮಾಳಿಗಿ ಮುಚ್ಚೀನಿ ನಾ. ಇಂಥಾದ್ದು ನೋಡಿಲ್ಲ." ಅವನು ಉಗ್ರಾಣದ ಕಡೆ ಕೈ ತೋರಿಸಿದ. "ಉಗ್ರಾಣದಾಗ ತಾಡಪತ್ರಿ ಐತಲ್ಲ, ಅದನ್ನ ಕೊಡ್ರಿ. ಮಾಳಿಗಿಗೆ ಪೂರ್ತಿ ಹೊಚ್ಚಿಬಿಡ್ತೀನಿ. ಅದರಾಗ ಒಂದ ತೂತಿಲ್ಲ."

"ತಗೊಂಬಾ," ಅಂದರು ಅಜ್ಜಾರು.

ಅವನು ತಾಡಪತ್ರಿ ಹೊತ್ತು ತಂದ. ನೀರು ಇಳಿಯದ ಹೊಸ ಟಾರ್ಪಾಲು, ದಪ್ಪನೆಯದು.

"ಹೊದ್ಕೊಂಡು ಕುಂದ್ರು."

"ನಾನು?"

"ನೀನ. ತಲಿ ಮ್ಯಾಲಿಂದ. ನಾ ಜಪ ಮುಗಿಸೂತನಕ."

ಯಮನೂರಪ್ಪನಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಹಿಮದ ಮೇಲೆ ಚಾಪೆ ಹಾಕಿ ಕುಳಿತು, ತಾಡಪತ್ರಿಯನ್ನು ಡೇರೆಯ ಹಾಗೆ ಮೇಲೆಳೆದುಕೊಂಡ. ಒಳಗೆ ಕತ್ತಲು. ಮೊದಲು ಹಿತವಾಗಿತ್ತು, ಬೆಚ್ಚಗಾಯಿತು. ಅಜ್ಜಾರ ಮಣಿಗಳು ಹೊರಗೆ ಟಕ್ ಟಕ್ ಎಂದು ಸರಿಯುತ್ತಿದ್ದವು. ಅವರಿಗೆ ನಡುನಡುವೆ ಕೆಮ್ಮು ಬಂದು ಜಪ ನಿಲ್ಲುತ್ತಿತ್ತು, ಮತ್ತೆ ಸಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಮೂಗಿನ ತುದಿಗೆ ಒಂದು ಹನಿ ಬಿತ್ತು. ಆಮೇಲೆ ಕುತ್ತಿಗೆಯ ಹಿಂದೆ ಒಂದು.

"ತಗಿ," ಅಂದರು ಅಜ್ಜಾರು.

ತೆಗೆದ. ತಾಡಪತ್ರಿಯ ಒಳಮೈ ತೊಯ್ದು ನೀರು ಇಳಿಯುತ್ತಿತ್ತು. ಹೊರಮೈ ಒಣಗಿತ್ತು. ಮೇಲೆ ಆಕಾಶ ನೀಲಿಯಾಗಿ ಸುಮ್ಮನಿತ್ತು.

"ಎಲ್ಲಿ ತೂತೈತಿ, ಹುಡುಕು," ಅಂದರು ಅಜ್ಜಾರು.

ಯಮನೂರಪ್ಪ ತಾಡಪತ್ರಿಯನ್ನು ನೋಡಿದ. ಒದ್ದೆ ಅಂಗೈಯನ್ನು ನೋಡಿದ. ಬಾಯಿ ತೆರೆದು ಒಮ್ಮೆ ಉಸಿರು ಬಿಟ್ಟ. ಉಸಿರು ಬಿಳಿಯ ಹೊಗೆಯಾಗಿ ಎದುರು ನಿಂತು, ಮೆಲ್ಲಗೆ ಚದುರಿತು.

ಏಳು ಮಂದಿಯ ಉಸಿರು. ಕುದಿಯುವ ಹಂಡೆ. ಹಗ್ಗದ ಮೇಲಿನ ಒದ್ದೆ ಬಟ್ಟೆ. ಬದಿಗಿಟ್ಟ ಮುಚ್ಚಳ. ಎಲ್ಲವೂ ಏಣಿ ಹತ್ತಿ ಅಟ್ಟಕ್ಕೆ ಹೋಗಿ, ದಾರಿಯಿಲ್ಲದೆ, ತಣ್ಣನೆಯ ಹಲಗೆಗೆ ತಾಗಿ ನೀರಾಗಿತ್ತು. ಮಳೆಯನ್ನು ಅವನೇ ಮನೆಯೊಳಗೆ ಕೂಡಿಹಾಕಿದ್ದ.

"ಸಂದು ತಗೀಬೇಕು," ಅಂದ.

"ತಗೀಬೇಕು."

"ಎಲ್ಲಾನೂ?"

"ಒಂದ ಬಿಟ್ಟರ ಅದರ ಪಕ್ಕದ ಹಲಗಿ ಕೊಳೀತೈತಿ."

ಮುಚ್ಚಲು ಮೂರು ದಿನ ಹಿಡಿದದ್ದನ್ನು ತೆಗೆಯಲು ಆರು ದಿನ ಬೇಕಾಯಿತು. ಮಣ್ಣು ಹೆಪ್ಪುಗಟ್ಟಿ ಕಲ್ಲಾಗಿತ್ತು. ಉಳಿ ಇಟ್ಟು ಒಂದೊಂದು ಹಿಡಿಯಾಗಿ ಕಿತ್ತ. 'ಯಮನೂರಪ್ಪನವರೇ' ಅನ್ನುತ್ತಿದ್ದ ಮೂವರೂ ಈಗ ಸ್ವೆಟರ್ ಹಾಕಿಕೊಂಡು ಸುಮ್ಮನೆ ಬುಟ್ಟಿ ಹಿಡಿದರು. ಸುರ್ಮಾ ತನ್ನ ಮನೆಯಿಂದ ಒಂದು ಒಳ್ಳೆಯ ಉಳಿ ತಂದುಕೊಟ್ಟಳು.

"ಏನೂ ಅನ್ನೂದಿಲ್ಲೇನು?" ಕೇಳಿದ ಅವನು.

"ಅನ್ನಾಕ ಬಾಳ ಐತಿ. ನಿನ್ನ ಮಾರಿ ನೋಡಿ ಮನಸಾಗವಲ್ದು," ಅಂದಳು ಅವಳು. "ಮೊದಲ ಈ ಉಳಿ ಸರಿಯಾಗಿ ಹಿಡಿ. ಬೆರಳ ಕಳ್ಕೊಂಡೀ."

ನೆತ್ತಿಯ ಹಲಗೆ ಕಿತ್ತ ದಿನ ಗಾಳಿ ಮತ್ತೆ ಸಿಳ್ಳೆ ಹಾಕಿತು. ಆ ಚಳಿಗೆ ಅವನ ಹಲ್ಲು ಕಟಕಟಿಸಿದವು. ಕೆಳಗೆ ಬಂದು ಒಲೆಯ ಮುಂದೆ ಕುಸಿದ. ಅಜ್ಜಾರು ಅಲ್ಲೇ ಕಂಬಳಿ ಹೊದ್ದು ಕುಳಿತಿದ್ದರು.

"ಅಜ್ಜಾರ, ಒಂದ ಕೇಳ್ತೀನಿ."

"ಕೇಳು."

"ಅವತ್ತ ನಾ ಮುಚ್ಚಿ ಬಂದು ನಿಂತಾಗ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಒಂದ ಮಾತು ಕೇಳಿ ಬಿಟ್ಟಬಿಟ್ಟಿರಿ. ಯಾಕ ತಡೀಲಿಲ್ಲ? ನನಗ ಕಲಿಸಾಕ?"

ಅಜ್ಜಾರು ಒಲೆಯನ್ನು ನೋಡುತ್ತ ಕುಳಿತರು. ಎಂಬತ್ತರ ಮುಖ, ಬೆಂಕಿಯ ಬೆಳಕಿನಲ್ಲಿ ಇನ್ನೂ ಹಳೆಯದಾಗಿ ಕಂಡಿತು.

"ಕಲಿಸಾಕಲ್ಲ," ಅಂದರು. "ಮೂವತ್ತ ವರ್ಷದಾಗ ಮೈ ಬೆಚ್ಚಗಾಗಿದ್ದು ಆ ವಾರ ಒಂದ. ನಾಳಿ ಹೇಳೂಣು, ನಾಡಿದ್ದು ಹೇಳೂಣು ಅಂತ ನಾನೂ ಸುಮ್ಮನಾದೆ."

ಯಮನೂರಪ್ಪ ಗುರುವಿನ ಮುಖ ನೋಡಿದ. ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟ. ಇಬ್ಬರೂ ಕೈ ಕಾಯಿಸಿಕೊಂಡರು.

"ಇನ್ನ ಚಳಿಯಾಗ ಸಾಯೂದೇನ್ರಿ ಹಂಗಾರ?"

"ಮಾಳಿಗಿ ತಣ್ಣಗಿರಲಿ. ಅದಕ್ಕ ಚಳಿ ಬ್ಯಾನಿ ಮಾಡೂದಿಲ್ಲ. ನಾವು ಬೆಚ್ಚಗಿರೂಣು. ನಡುವ ಏನೈತಿ?"

"ಅಟ್ಟದ ನೆಲ."

"ಅದರ ಮ್ಯಾಲ ಮಣ್ಣು ಹಾಕಿ ಎಷ್ಟ ವರ್ಷಾತೋ. ಅಲ್ಲಲ್ಲಿ ಉದುರೈತಿ. ನೀ ಮುಚ್ಚೂದ ಬಿಡಬ್ಯಾಡ. ಕೆಳಗ ಮುಚ್ಚು."

ಆ ವಾರ ಅವನು ಮಣ್ಣನ್ನು ಒಲೆಯ ಬದಿಯಲ್ಲಿ ಕಾಯಿಸಿ, ಹುಲ್ಲು ಸೇರಿಸಿ ತುಳಿದು ಹದ ಮಾಡಿದ. ಚೀಲಗಳನ್ನು ಅತ್ತಿತ್ತ ಸರಿಸುತ್ತ ಅಟ್ಟದ ನೆಲಕ್ಕೆ ಅಂಗೈ ದಪ್ಪ ಹಾಸಿದ. ಬಾದಾಮಿಯ ಮಾಳಿಗೆಗೆ ಬಡಿಯುವ ಹಾಗೆಯೇ ಬಡಿದ. ಮುಚ್ಚಳದ ಅಂಚಿಗೆ ಕಂಬಳಿಯ ಪಟ್ಟಿ ಹೊಲಿದು, ಎಳೆದು ಮುಚ್ಚಿದ. ಹಂಡೆಗೆ ತಟ್ಟೆ ಮುಚ್ಚಿದ. ಒದ್ದೆ ಬಟ್ಟೆಗಳನ್ನು ಹೊರಗಿನ ಪಡಸಾಲೆಗೆ ಸಾಗಿಸಿದ.

ಮನೆ ಆ ಒಂದು ವಾರದಷ್ಟು ಬೆಚ್ಚಗಾಗಲಿಲ್ಲ. ಹಳೆಯ ವರ್ಷಗಳಷ್ಟು ತಣ್ಣಗೂ ಇರಲಿಲ್ಲ. ಛಾವಣಿಯ ಮೇಲೆ ಹೊಸ ಹಿಮ ಬಿದ್ದು ಕರಗದೆ ಕುಳಿತುಕೊಂಡಿತು. ಸೂರಿನ ಕೋರೆಹಲ್ಲುಗಳು ಒಂದೊಂದಾಗಿ ಕಳಚಿಬಿದ್ದವು, ಹೊಸವು ಬರಲಿಲ್ಲ.

ಅಟ್ಟದಲ್ಲಿ ಒಣಗಾಳಿ ಆಡತೊಡಗಿತು. ಶಿಷ್ಯರೆಲ್ಲ ಸೇರಿ ಚೀಲಗಳನ್ನು ಬಿಚ್ಚಿ ಕಾಳನ್ನು ಬಟ್ಟೆಯ ಮೇಲೆ ಹರಡಿದರು. ಮುಗ್ಗಿದ್ದನ್ನು ಆರಿಸಿ ಬೇರೆ ಮಾಡಿದರು. ನಾಲ್ಕು ಚೀಲ ಪೂರ್ತಿ ಕೆಟ್ಟಿತ್ತು. ಅದು ದನಕ್ಕೂ ಆಗುವುದಿಲ್ಲ ಎಂದು ಸುರ್ಮಾ ಮೂಸಿ ನೋಡಿಯೇ ಹೇಳಿದಳು. ಹಿಮದಲ್ಲಿ ಗುಂಡಿ ತೋಡಿ ಹೂತರು.

ಉಳಿದದ್ದು ಗಾಳಿಗೆ ಆರಿ ಗಟ್ಟಿಯಾಯಿತು. ಅಜ್ಜಾರು ಒಂದು ಕಾಳನ್ನು ಇದ್ದ ಮೂರು ಹಲ್ಲಿನಲ್ಲಿ ಕಡಿದು ನೋಡಿ ತಲೆಯಾಡಿಸಿದರು. ಒಂದೇ ಹೊತ್ತು, ಅದೂ ತೆಳ್ಳಗೆ ಗಂಜಿ ಮಾಡಿದರೆ ಯುಗಾದಿಯವರೆಗೆ ಎಳೆಯಬಹುದು ಎಂದು ಎಲ್ಲರೂ ಒಪ್ಪಿದರು.

ಆ ದಿನ ಮಧ್ಯಾಹ್ನ ಮೊದಲ ಸಲ ಹಾಗೆ ಗಂಜಿ ಬಡಿಸಿದರು. ಬಟ್ಟಲಿನ ತಳ ಕಾಣುತ್ತಿತ್ತು. ಎಲ್ಲರೂ ತಮ್ಮ ತಮ್ಮ ಪಾಲು ಕುಡಿಯತೊಡಗಿದರು. ಒಬ್ಬರೂ ಬೈಯದಿದ್ದದ್ದೇ ಯಮನೂರಪ್ಪನಿಗೆ ಹೆಚ್ಚು ನಾಟಿತು.

ಅವನು ತನ್ನ ಬಟ್ಟಲನ್ನು ಎತ್ತಿ, ಪಕ್ಕದ ಶಿಷ್ಯನ ಬಟ್ಟಲಿಗೆ ಬಗ್ಗಿಸಲು ಹೋದ.

"ಏನದು?" ಕೇಳಿದರು ಅಜ್ಜಾರು.

"ನನಗ ಬ್ಯಾಡ್ರಿ. ಇವತ್ತಿಂದ ದಿನಾ ಅರ್ಧಾ ಸಾಕು. ನಾ ಮಾಡಿದ್ದು, ನಾ ಉಣ್ಣದಿದ್ದರ ಸರಿಹೋಗತೈತಿ."

"ನಾಲ್ಕ ಚೀಲ ತುಂಬತೈತೇನು ನಿನ್ನ ಅರ್ಧಾ ಬಟ್ಟಲದಿಂದ?"

"ಇಲ್ಲರಿ."

"ಮತ್ತ?"

ಯಮನೂರಪ್ಪ ಬಟ್ಟಲನ್ನು ಹಿಡಿದುಕೊಂಡೇ ಕುಳಿತ. "ಮುಖಾ ಎತ್ತಾಕ ಆಗವಲ್ದ್ರಿ ಅಜ್ಜಾರ. ಸಾಕಾಗೈತಿ ನನಗ. ದಾರಿ ತೆಗದ ದಿನ ಹೋಗಿಬಿಡ್ತೀನಿ. ನಾ ಬರದಿದ್ದರ ಈ ಮನ್ಯಾಗ ಒಂದ ಹನಿ ಬೀಳತಿರಲಿಲ್ಲ."

ಅಜ್ಜಾರು ತಮ್ಮ ಗಂಜಿಯನ್ನು ಒಂದು ಗುಟುಕು ಕುಡಿದರು. ಕೆಮ್ಮಿದರು. ಬಾಯಿ ಒರೆಸಿಕೊಂಡು, ಅವನ ಕೈಯ ಬಟ್ಟಲನ್ನು ಮೆಲ್ಲಗೆ ಅವನ ತುಟಿಯ ಕಡೆಗೆ ತಿರುಗಿಸಿದರು.

"ಆರಿ ಹೋಗತೈತಿ, ಉಣ್ಣು. ಉಸಿರಾಡೋರು ಇಲ್ಲದ ಮನೀ ಮಾಳಿಗಿ ಎಂದೂ ತೊಟ್ಟಿಕ್ಕೂದಿಲ್ಲ."

ಕಥೆ ಇಷ್ಟೇ. ನೀವು ಏಳುವಾಗ ಅಂಗಡಿಯವನಿಗೆ ನನ್ನ ಚಹಾದ ದುಡ್ಡೂ ಸೇರಿಸಿ ಕೊಟ್ಟುಬಿಡಿ.